ಕೊಂಬಿಗೆ ಕಟ್ಟಿದ ತಂತಿ

ನಿನ್ನ ಅಪ್ಪನನ್ನು ಎತ್ತು ಕೊಂದಿತು ಎಂದು ಊರೆಲ್ಲ ನಂಬಿದೆ, ಸುಧಾ. ಆ ಎತ್ತಿನ ಕೊಂಬಿಗೆ ನೂಲಿನ ಬದಲು ತಂತಿ ಕಟ್ಟಿದವನು ನಾನು. ಅವನಿನ್ನೂ ಉಸಿರಾಡುತ್ತಿದ್ದಾಗಲೇ ಅವನು ಕುಡಿದು ಬಂದಿದ್ದ ಎಂದು ಸುಳ್ಳು ಹೇಳಿದವನೂ ನಾನೇ. ಹೋದ ತಿಂಗಳು ಕೃಷ್ಣಗಿರಿಯಲ್ಲಿ, ನಿನ್ನ ಕಾಲೇಜಿನ ವರಾಂಡದಲ್ಲಿ ನೀನು ನನ್ನನ್ನು ತಡೆದು ಕೇಳಿದೆಯಲ್ಲ — ಅವತ್ತು ಅದೇ ಸುಳ್ಳನ್ನು ಮತ್ತೊಮ್ಮೆ ಹೇಳಿದೆ. ಈ ಸಲ ಗಾಬರಿಯೇನೂ ಇರಲಿಲ್ಲ. ನೆಮ್ಮದಿಯಾಗಿ, ನಿನ್ನ ತಲೆ ಸವರಿ ಹೇಳಿದೆ.

ಇದನ್ನು ನಿನಗಾಗಿ ಬರೆಯುತ್ತಿದ್ದೇನೆ. ಆದರೆ ನಿನ್ನೊಬ್ಬಳಿಗೇ ಅಲ್ಲ. ನನ್ನ ಚಿತ್ರದ ಮುಂದೆ ನಿಂತು ಕಣ್ಣೊರೆಸಿಕೊಂಡವರು, ನನಗೆ ಶಾಲು ಹೊದಿಸಿದವರು, ನನ್ನ ಭಾಷಣಕ್ಕೆ ತಲೆದೂಗಿದವರು — ಎಲ್ಲರೂ ಓದಲಿ.

ನಾನು ಗೋವಿಂದರಾಜು. ತಮಿಳುನಾಡಿನ ಗಡಿಯೊಳಗಿನ ಕೆಲಮಂಗಲದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಗೂಡಂಗಡಿಯಲ್ಲಿ ಬೋರ್ಡು ಬರೆಯುತ್ತಿದ್ದೆ. ಮೇಲೆ ದೊಡ್ಡದಾಗಿ ತಮಿಳು, ಕೆಳಗೆ ಕನ್ನಡ, ಗಿರಾಕಿ ಕೇಳಿದರೆ ಮೂಲೆಯಲ್ಲಿ ತೆಲುಗು. ಫ್ಲೆಕ್ಸ್ ಬಂತು, ನನ್ನ ಕುಂಚ ಒಣಗಿತು. ಆಮೇಲೆ ನನಗೆ ಕಂಡವರ ಮೇಲೆಲ್ಲ ಸಿಟ್ಟು. ಫ್ಲೆಕ್ಸ್ ಹಾಕಿಸುವವರ ಮೇಲೆ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರ ಮೇಲೆ, ಒಳ್ಳೆಯ ಬಣ್ಣಕ್ಕೂ ಕೆಟ್ಟ ಬಣ್ಣಕ್ಕೂ ವ್ಯತ್ಯಾಸ ತಿಳಿಯದ ಇಡೀ ಊರಿನ ಮೇಲೆ. ನಿನ್ನಪ್ಪ ನಂಜಪ್ಪ ಒಬ್ಬನೇ ಆ ಸಿಟ್ಟಿಗೆ ಹೆದರುತ್ತಿರಲಿಲ್ಲ. ಒಂದನೆಯ ಕ್ಲಾಸಿನಿಂದ ನನ್ನ ಪಕ್ಕದಲ್ಲೇ ಕೂತವನು. ಹೊಸೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟು ಮುಗಿಸಿ ಬರುವಾಗ ಅಂಗಡಿ ಮುಂದೆ ಗಾಡಿ ನಿಲ್ಲಿಸುತ್ತಿದ್ದ. "ನಿನ್ ಮೂತಿ ನೋಡಿದ್ರೆ ಕರೆದ ಹಾಲು ಒಡೀತದೆ ಕಣ್ಲಾ ಗೋವಿಂದ, ಒಂದ್ಸಲ ನಗ್ಲಾ," ಎನ್ನುತ್ತಿದ್ದ. ನಾನು ನಗುತ್ತಿದ್ದೆ. ಅವನಿಗೆ ಮಾತ್ರ.

ಸಂಕ್ರಾಂತಿ ಕಳೆದ ಮೇಲೆ ನಮ್ಮ ಕಡೆ ಊರೂರಿಗೂ ಎತ್ತು ಬಿಡುತ್ತಾರೆ. ನಿನಗೆ ಗೊತ್ತಿದೆ, ಬೇರೆಯವರಿಗೆ ಹೇಳಬೇಕು. ಬೀದಿಯ ಎರಡೂ ಬದಿಗೆ ಬಿದಿರಿನ ಗಳ ಅಡ್ಡ ಕಟ್ಟಿ ದಾರಿ ಮಾಡುತ್ತಾರೆ. ಎತ್ತಿನ ಎರಡು ಕೊಂಬಿಗೂ ಸೇರಿಸಿ ಒಂದು ತಟ್ಟಿ ಕಟ್ಟುತ್ತಾರೆ — ಬಿದಿರು ಸೀಳಿನ ಚೌಕಟ್ಟಿಗೆ ಬಟ್ಟೆ ಬಿಗಿದು ಚಿತ್ರ ಬರೆದದ್ದು. ಎತ್ತು ಓಡುತ್ತದೆ, ಗಂಡಸರು ಮೈಮೇಲೆ ಬಿದ್ದು ಆ ತಟ್ಟಿ ಕೀಳಬೇಕು. ಇದಕ್ಕೊಂದು ಹಳೆಯ ಕಟ್ಟಳೆ ಇದೆ. ತಟ್ಟಿಯನ್ನು ಹತ್ತಿ ನೂಲಿನಲ್ಲೇ ಕಟ್ಟಬೇಕು, ಒಂದೇ ಎಳೆತಕ್ಕೆ ಕಿತ್ತು ಬರಬೇಕು. ನೈಲಾನ್ ಹಗ್ಗ ಕೂಡದು, ತಂತಿಯಂತೂ ಮುಟ್ಟಲೇಬಾರದು. ತಟ್ಟಿ ಕೊಂಬಿನಲ್ಲೇ ಉಳಿದರೆ ಕೈಯೂ ಅಲ್ಲೇ ಉಳಿಯುತ್ತದೆ ಎಂದು ನನ್ನ ತಾತ ಹೇಳುತ್ತಿದ್ದರು.

ಬೋರ್ಡಿನ ಕೆಲಸ ಹೋದ ಮೇಲೆ ನನಗೆ ಉಳಿದದ್ದು ಇದೊಂದೇ. ಉಳಿದವರು ತಟ್ಟಿಯ ಮೇಲೆ ಸಿನಿಮಾ ನಟರನ್ನೋ ಲೀಡರುಗಳನ್ನೋ ಅಂಟಿಸುತ್ತಿದ್ದರು. ನಾನು ವಾರಗಟ್ಟಲೆ ಕೂತು ಕೈಯಿಂದ ಬರೆಯುತ್ತಿದ್ದೆ. ಹಬ್ಬದ ದಿನ ಎತ್ತು ದಾರಿಯ ಅರ್ಧ ಮುಟ್ಟುವುದರೊಳಗೆ ಅದು ಚಿಂದಿ. ನಿನ್ನಪ್ಪ ಸಾಯುವ ಹಿಂದಿನ ವರ್ಷ ಸಗಣಿಯಲ್ಲಿ ಬಿದ್ದ ನನ್ನ ಚಿತ್ರದ ಚೂರುಗಳನ್ನು ಹೆಕ್ಕುತ್ತ ನಾನು ಅತ್ತುಬಿಟ್ಟಿದ್ದೆ. ನಂಜಪ್ಪನೂ ಪಕ್ಕದಲ್ಲಿ ಕೂತು ಹೆಕ್ಕಿದ್ದ. ನಗಲಿಲ್ಲ, ತಮಾಷೆ ಮಾಡಲಿಲ್ಲ.

ಅವನು ಸತ್ತ ವರ್ಷ ನಾನು ಬರೆದದ್ದು ಸಾವಿನ ಚಿತ್ರ. ನಮ್ಮೂರ ಆಚೆ ರಾಗಿ ಹೊಲದ ಬದುವಿನಲ್ಲಿ ಒಂದು ವೀರಗಲ್ಲು ನಿಂತಿದೆ. ಕೆಳಗಿನ ಸಾಲಿನಲ್ಲಿ ಒಬ್ಬ ದನಗಳಿಗಾಗಿ ಹೊಡೆದಾಡಿ ಸಾಯುತ್ತಿದ್ದಾನೆ. ನಡುವಿನ ಸಾಲಿನಲ್ಲಿ ಇಬ್ಬರು ದೇವಕನ್ಯೆಯರು ಅವನನ್ನು ತೋಳು ಹಿಡಿದು ಮೇಲೆತ್ತುತ್ತಿದ್ದಾರೆ. ಮೇಲೆ ಶಿವಲಿಂಗ, ಅದರ ಮುಂದೆ ಅವನು ಕೂತಿದ್ದಾನೆ. ಅದನ್ನೇ ಕೆಂಪು, ಹಳದಿ, ಕಾಡಿಗೆ ಕಪ್ಪಿನಲ್ಲಿ ಬರೆದೆ. ಅದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಬರೆದಿಲ್ಲ. ಎತ್ತಿನ ಯಜಮಾನ ಮುನಿಯಪ್ಪಣ್ಣ ನೋಡಿ ಹುಬ್ಬು ಗಂಟಿಕ್ಕಿದರು. "ಹಬ್ಬದ ದಿನ ಸತ್ತೋನ ಚಿತ್ರ ಯಾಕ್ಲಾ? ಊರಿಗೊಂದು ದಾರಿ ಆದ್ರೆ ಎಡವಟ್ಟನಿಗೊಂದು ದಾರಿ." ಆದರೂ ಕಟ್ಟಲು ಬಿಟ್ಟರು, ಒಳ್ಳೆಯ ಮನುಷ್ಯ.

ಹಬ್ಬದ ಬೆಳಿಗ್ಗೆ ಅವರ ಕೊಟ್ಟಿಗೆಯಲ್ಲಿ ನಾನೊಬ್ಬನೇ ಕೂತು ಕಟ್ಟಿದೆ. ಮನೆ ಕಟ್ಟುವವರು ಕಂಬಿ ಬಿಗಿಯುವ ತಂತಿ — ಅದನ್ನು ಚೌಕಟ್ಟಿನ ಹಿಂದೆ ಎರಡು ಸುತ್ತು ಹಾಕಿ, ಕೊಂಬಿಗೆ ತಿರುಚಿ, ಮೇಲೆ ಬಣ್ಣದ ಕಾಗದ ಸುತ್ತಿ ಮುಚ್ಚಿದೆ. ಎತ್ತು ಕೊನೆಯವರೆಗೂ ನನ್ನ ಚಿತ್ರ ಹೊತ್ತು ಓಡಲಿ, ಇಡೀ ಜನ ಇಡಿಯ ಚಿತ್ರ ನೋಡಲಿ. ಇನ್ನೊಬ್ಬರ ಕೈಯ ಗತಿ ಏನು ಎಂದು ನಾನು ಯೋಚಿಸಲಿಲ್ಲವೇ? ಯೋಚಿಸಿದೆ. ಎರಡು ಸಲ ಎಳೆದು, ಬರದಿದ್ದರೆ ಬಿಡುತ್ತಾರೆ ಅಂದುಕೊಂಡೆ. ಅಷ್ಟೇ ಯೋಚಿಸಿದೆ.

ಮಾರಮ್ಮನ ಗುಡಿ ಮುಂದೆ ಪೂಜೆ ನಡೆಯುತ್ತಿರುವಾಗ ನಂಜಪ್ಪ ಬಂದ. ರಾತ್ರಿ ಪಾಳಿಯಿಂದ ನೇರವಾಗಿ ಬಂದಿದ್ದ. ಕಂಪನಿಯ ನೀಲಿ ಅಂಗಿ, ಕೆಂಪಗಾದ ಕಣ್ಣು. ತಟ್ಟಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಈ ಸಲ ಹರಿಯಾಕೆ ಬಿಡಲ್ಲ ಕಣ್ಲಾ. ನಾನೇ ನುಗ್ಗಿ ಇಡೀದಾಗಿ ಕಿತ್ಕೊಂಬತ್ತೀನಿ. ನಿಮ್ಮನೇಲಿ ಗೋಡೆಗೆ ನೇತಾಕೊ," ಅಂದ.

ಒಂದೇ ಒಂದು ಮಾತು ಸಾಕಾಗಿತ್ತು, ಸುಧಾ. 'ಮುಟ್ಟಬೇಡ, ತಂತಿ ಇದೆ.' ಪಕ್ಕದಲ್ಲೇ ಹಿರಿಯರು ನಿಂತಿದ್ದರು. ಕೇಳಿಸಿದರೆ ಅಲ್ಲೇ ಕಿತ್ತು ಬಿಸಾಡಿ, ಊರ ಮುಂದೆ ನನ್ನ ಮಾನ ಕಳೆಯುತ್ತಿದ್ದರು. ನನ್ನ ಮಾನ — ನನ್ನ ಚಿತ್ರ. ನಾನು ಅಂದದ್ದು, "ನಿದ್ದೆಗೆಟ್ಟಿದ್ದೀಯ, ಹೋಗಿ ಮಲಕ್ಕೋ ಹೋಗ್ಲಾ." ಅವನು ನನ್ನ ಬೆನ್ನಿಗೆ ಒಂದು ಗುದ್ದು ಬಿಟ್ಟು, ನಗುತ್ತ ಗಳದ ಕಡೆಗೆ ಹೋದ.

ಎತ್ತು ನುಗ್ಗಿ ಬಂತು. ಬಿಳಿಯದು, ಎಳೆಯದು, ಕೂಗಿಗೆ ಸಿಳ್ಳೆಗೆ ಬೆದರಿ ಕಣ್ಣು ಬಿಳಿಚಿಕೊಂಡಿತ್ತು. ಎರಡೂ ಕಡೆಯಿಂದ ಚಾಚಿದ ಕೈಗಳೆಲ್ಲ ಅದರ ಬೆನ್ನಿಗೆ ಏಟು ಹಾಕುತ್ತಿದ್ದವು. ಹಣೆಯ ಮೇಲೆ ನನ್ನ ತಟ್ಟಿ ನೆಟ್ಟಗೆ ನಿಂತಿತ್ತು. ಇಬ್ಬರು ಮೂಲೆ ಹಿಡಿದು ಎಳೆದರು. ತಂತಿ ಬಿಡಲಿಲ್ಲ, ಅವರ ಬೆರಳು ಜಾರಿತು. ನನಗೆ ಒಳಗೊಳಗೇ ಖುಷಿ. ಆಮೇಲೆ ನೀಲಿ ಅಂಗಿ ಕಾಣಿಸಿತು. ನಂಜಪ್ಪ ಉಳಿದವರ ಹಾಗೆ ಬಟ್ಟೆಗೆ ಕೈ ಹಾಕಲಿಲ್ಲ. ಹರಿದೀತೆಂದು ಹಿಂದಿನಿಂದ ಕೈ ತೂರಿಸಿ ಚೌಕಟ್ಟನ್ನೇ ಹಿಡಿದ. ತಂತಿಯ ಸುತ್ತು ಇದ್ದದ್ದು ಅಲ್ಲಿ.

ಎತ್ತು ತಲೆ ಕೊಡವಿತು. ಅವನ ಕೈ ಬರಲಿಲ್ಲ. ಇನ್ನೊಂದು ಸಲ ಕೊಡವಿತು, ಅವನ ಕಾಲು ನೆಲ ಬಿಟ್ಟಿತು. ಕೊಂಬು ಪಕ್ಕೆಲುಬಿನ ಕೆಳಗೆ ಹೊಕ್ಕು ಹೊರಗೆ ಬಂತು, ಮತ್ತೆ ಹೊಕ್ಕಿತು. ಎತ್ತಿಗೆ ಅವನನ್ನು ಕೊಲ್ಲುವುದು ಬೇಕಿರಲಿಲ್ಲ, ತಲೆಗೆ ಸಿಕ್ಕಿಕೊಂಡ ಭಾರ ಬಿಟ್ಟುಹೋಗಬೇಕಿತ್ತು. ಜನ ನಕ್ಕರು. ಹೌದು, ಮೊದಲು ನಕ್ಕರು. "ಬುಡಲ್ಲ ಕಣ್ರೋ ಇವ್ನು!" ಎಂದು ಯಾರೋ ಕೂಗಿದರು, ಚಪ್ಪಾಳೆ ಬಿತ್ತು. ಅವನು ಹಟಕ್ಕೆ ಬಿದ್ದು ಜೋತಾಡುತ್ತಿದ್ದಾನೆ ಅಂದುಕೊಂಡರು. ಅವನು ಬಿಡಿಸಿಕೊಳ್ಳಲು ಇನ್ನೊಂದು ಕೈಯಿಂದ ಎತ್ತಿನ ಮುಖಕ್ಕೆ ಗುದ್ದುತ್ತಿದ್ದ. ಎತ್ತು ಅವನನ್ನು ಎಳೆದುಕೊಂಡೇ ಓಡಿತು. ಗೊರಸು ಅವನ ತೊಡೆಯ ಮೇಲೆ, ಹೊಟ್ಟೆಯ ಮೇಲೆ. ನೀರಿನ ಟ್ಯಾಂಕಿನ ಸಿಮೆಂಟು ಮೂಲೆಗೆ ಅವನ ತಲೆ ಬಡಿಯಿತು. ಅಲ್ಲಿ ತಂತಿ ಕೊಂಬಿನ ತುದಿಯಿಂದ ಕಳಚಿಕೊಂಡು, ತಟ್ಟಿಯೂ ಅವನೂ ಒಟ್ಟಿಗೇ ನೆಲಕ್ಕೆ ಬಿದ್ದರು.

ಮೊದಲು ಓಡಿದವನು ನಾನೇ. ಇದನ್ನು ಹೇಳಿ ಎಷ್ಟು ಜನರಿಂದ ಹೊಗಳಿಸಿಕೊಂಡಿದ್ದೇನೆ! ನಾನು ಓಡಿದ್ದು ತಂತಿಗಾಗಿ. ಅದು ಅವನ ಮಣಿಕಟ್ಟಿನ ಮಾಂಸದೊಳಗೆ ಇಳಿದಿತ್ತು. ಯಾರಾದರೂ ನೋಡುವ ಮೊದಲು ತಿರುಚಿ ತಿರುಚಿ ಬಿಡಿಸಿದೆ. ಅವನು ನರಳಿದ, ನಾನು ಕೈ ನಿಲ್ಲಿಸಲಿಲ್ಲ. ತಂತಿಯನ್ನು ಚೌಕಟ್ಟಿನ ಹಿಂದಕ್ಕೆ ಬಾಗಿಸಿ ಕಾಗದದ ಕೆಳಗೆ ತುರುಕಿದೆ. ಆಗ ಅವನು ಕಣ್ಣು ಬಿಟ್ಟ. ಬಾಯಲ್ಲಿ ರಕ್ತ.

"ಹರೀಲಿಲ್ಲ ನೋಡ್ಲಾ... ಗೋವಿಂದ," ಅಂದ.

ನೋಡಿದೆ. ಅವನನ್ನಲ್ಲ, ತಟ್ಟಿಯನ್ನು. ನಿಜ, ಹರಿದಿರಲಿಲ್ಲ. ನನ್ನ ಎದೆ ಹಗುರಾಯಿತು. ಗೆಳೆಯನ ಹೊಟ್ಟೆ ಬಗೆದು ಬಿದ್ದಿದೆ, ನನ್ನ ಎದೆ ಹಗುರಾಯಿತು — ಇದನ್ನು ನನಗೆ ನಾನೇ ಹೇಳಿಕೊಳ್ಳಲು ಇಷ್ಟು ವರ್ಷ ಬೇಕಾಯಿತು.

ಅಷ್ಟರಲ್ಲಿ ಮೈಕಿನವನು ಮಂಟಪದಿಂದ ಬಗ್ಗಿ, "ಏನಾಯ್ತಣ್ಣ? ಹೆಂಗ್ ಸಿಕ್ಕಾಕ್ಕೊಂಡ?" ಎಂದು ಕೇಳಿದ. ಜನ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಮರುಕವಿತ್ತು, ಸುಧಾ. ಗಳ ಹಾರಿ ಇಳಿಯಲು ನಾಲ್ಕು ಜನ ಕಾಲೆತ್ತಿದ್ದರು. ಒಬ್ಬ ತನ್ನ ಟೆಂಪೋ ತರಲು ತಿರುಗಿದ್ದ. ಅವನ ಮುಖ ನನಗೆ ಇನ್ನೂ ನೆನಪಿದೆ.

ನಾನು ಅಂದೆ, "ಕುಡ್ದಿದ್ದ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೈಕಿನವನು ಅದನ್ನೇ ತಮಿಳಿನಲ್ಲಿ ಇಡೀ ಊರಿಗೆ ಕೂಗಿದ: "ಕುಡಿಚ್ಚಿಟ್ಟು ವಂದವಂಗ ಓರಮಾ ನಿಲ್ಲುಂಗ!" ಕುಡಿದು ಬಂದವರು ಪಕ್ಕಕ್ಕೆ ನಿಲ್ಲಿ. ಕಾಲೆತ್ತಿದವರು ಕಾಲಿಳಿಸಿದರು. ಟೆಂಪೋದವನು ನಾಲಿಗೆ ಲೊಚಗುಟ್ಟಿ ಮತ್ತೆ ತನ್ನ ಜಾಗಕ್ಕೆ ಹೋಗಿ ನಿಂತ. ಇಬ್ಬರು ನಂಜಪ್ಪನನ್ನು ಹುಣಸೆ ಮರದ ಬುಡಕ್ಕೆ ಎಳೆದು ಹಾಕಿದರು, ಒಬ್ಬ ಹೊಟ್ಟೆಯ ಮೇಲೆ ಟವೆಲು ಮುಚ್ಚಿದ. ಮುಂದಿನ ಎತ್ತು ಬಿಟ್ಟರು. ಅದರ ಹಿಂದೆ ಇನ್ನೊಂದು. ಚೆನ್ನಾಗಿ ಕಾಣಲೆಂದು ಒಬ್ಬ ನಿನ್ನಪ್ಪನನ್ನು ದಾಟಿ ಮರದ ಬೇರಿನ ಮೇಲೆ ಹತ್ತಿ ಮೊಬೈಲು ಎತ್ತಿ ಹಿಡಿದ. ಟವೆಲು ನೆನೆದು ಕಪ್ಪಾಗುತ್ತಿತ್ತು. ನಾನು ತಟ್ಟಿಯನ್ನು ಎದೆಗವಚಿಕೊಂಡು ಪಕ್ಕದಲ್ಲೇ ನಿಂತಿದ್ದೆ. ಎಲ್ಲ ಎತ್ತುಗಳೂ ಓಡಿ ಮುಗಿದ ಮೇಲೆ ಅದೇ ಟೆಂಪೋದಲ್ಲಿ ಅವನನ್ನು ಹೊಸೂರಿಗೆ ಸಾಗಿಸಿದರು. "ನೀವು ನಡೀರಿ, ಹಿಂದೇನೇ ಬತ್ತೀನಿ" ಅಂದವನು ನಾನು ಮನೆಗೆ ಹೋಗಿ ತಟ್ಟಿಯನ್ನು ಅಟ್ಟದ ಮೇಲೆ ಇಟ್ಟೆ. ಅವನು ದಾರಿಯಲ್ಲೇ ಹೋಗ್ಬುಟ್ಟ ಎಂದು ಸಂಜೆ ಸುದ್ದಿ ಬಂತು.

ಬೇಗ ಕರೆದೊಯ್ದಿದ್ದರೆ ಬದುಕುತ್ತಿದ್ದನೋ — ಗೊತ್ತಿಲ್ಲ. ಗೊತ್ತಿಲ್ಲ ಎಂಬುದರ ಹಿಂದೆ ಅಡಗಿಕೊಳ್ಳುವುದೂ ಬೇಡ.

ಹೆಣ ತೊಳೆಯುವಾಗ ನಿನ್ನ ತಾಯಿ ರತ್ನಮ್ಮ ಅವನ ಕೈ ಹಿಡಿದು ನನ್ನನ್ನು ಕರೆದಳು. ನೀನು ಆಗ ಅಂಗನವಾಡಿಗೆ ಹೋಗುವ ಕೂಸು, ಅವಳ ಸೆರಗು ಹಿಡಿದು ನಿಂತಿದ್ದೆ. "ಅಣ್ಣಾ, ಇದೇನಣ್ಣ, ಕೈ ಸುತ್ತಾನೂ ಕುಯ್ದಂಗೈತೆ? ನೂಲು ಹಿಂಗ್ ಕುಯ್ತದಾ?" ನಾನು, "ಮೂಗುದಾರ ಸುತ್ಕೊಂಡಿರ್ಬೇಕು ರತ್ನಮ್ಮ," ಅಂದೆ. ಅವಳು ನನ್ನನ್ನು ಅಣ್ಣ ಎಂದು ಕರೆಯುತ್ತಿದ್ದಳು. ನಂಬಿದಳು, ಅಥವಾ ನಂಬದೆ ಬೇರೆ ದಾರಿ ಇರಲಿಲ್ಲ. ಪೊಲೀಸರ ಮುಂದೆಯೂ ಅದೇ ಹೇಳಿದೆ. ಮುನಿಯಪ್ಪಣ್ಣ ಆ ಎಳೆಯ ಎತ್ತನ್ನು ಕೊಲೆಗಾರ ಎತ್ತು ಎಂದು ಕಟುಕರಿಗೆ ಕೊಟ್ಟುಬಿಟ್ಟರು. ನಿಮ್ಮ ಮನೆಗೆ 'ಕುಡುಕನ ಮನೆ' ಎಂಬ ಹೆಸರು ಉಳಿಯಿತು. ಒಂದು ತೊಟ್ಟೂ ಮುಟ್ಟದ ಮನುಷ್ಯನ ಮನೆಗೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬರಿಯ ಹೇಡಿ. ಆದರೆ ನಾನು ಕಲಾವಿದನಲ್ಲವೇ!

ಕೆಲವು ಕಾಲ ಬಿಟ್ಟು ಅಟ್ಟದಿಂದ ತಟ್ಟಿ ಇಳಿಸಿದೆ. ಚಿತ್ರದ ಕೆಳಗಿನ ಸಾಲಿನಲ್ಲಿ, ಸಾಯುವ ವೀರನ ಮೇಲೆಯೇ, ನಂಜಪ್ಪನ ರಕ್ತ ಒಣಗಿ ಕಂದಾಗಿತ್ತು. ಅದನ್ನು ಒರೆಸಲಿಲ್ಲ. ಸುತ್ತ ಅಂಚಿನಲ್ಲಿ ಜನರನ್ನು ಬರೆದೆ. ಒಬ್ಬರಿಗೂ ಮುಖವಿಲ್ಲ, ಮುಖದ ಜಾಗದಲ್ಲಿ ಮೊಬೈಲು. ವೀರನನ್ನು ಎತ್ತಿಕೊಳ್ಳಬೇಕಾದ ದೇವಕನ್ಯೆಯರ ಕೈಗೂ ಒಂದೊಂದು ಮೊಬೈಲು ಕೊಟ್ಟೆ. 'ನೋಡುವವರು' ಎಂದು ಹೆಸರಿಟ್ಟೆ. ಕೃಷ್ಣಗಿರಿಯ ಒಂದು ಪ್ರದರ್ಶನದಲ್ಲಿ ಅದು ಎಲ್ಲರ ಬಾಯಲ್ಲೂ ಬಂತು. ಸಾವಿನ ಮುಂದೆ ಮನುಷ್ಯ ಹೇಗೆ ಕಲ್ಲಾಗುತ್ತಾನೆ ಎಂಬುದನ್ನು ಇಷ್ಟು ನೇರವಾಗಿ ಯಾರೂ ಹೇಳಿಲ್ಲ ಎಂದರು. ನಿನ್ನ ಕಾಲೇಜಿನವರು ಕೇಳಿ ತರಿಸಿಕೊಂಡು ಲೈಬ್ರರಿಯ ವರಾಂಡದಲ್ಲಿ ತೂಗುಹಾಕಿದರು. ವರ್ಷವರ್ಷವೂ ಹೊಸ ಮಕ್ಕಳ ಮುಂದೆ ನಿಂತು ನಾನು ಭಾಷಣ ಮಾಡಿದೆ. "ಇದು ನನ್ನ ಗೆಳೆಯನ ರಕ್ತ. ಅವನು ಸಾಯುತ್ತಿದ್ದ, ಊರು ನೋಡುತ್ತಿತ್ತು." ಆ ಕಲೆಗೆ ಬೆರಳಿಟ್ಟು ತೋರಿಸುತ್ತಿದ್ದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಊರನ್ನು ಕಲ್ಲು ಮಾಡಿದ ಮಾತು ಯಾರ ಬಾಯಿಂದ ಬಂತು ಎಂದು ಒಬ್ಬರೂ ಕೇಳಲಿಲ್ಲ. ಗೋಡೆಗೆ ಒತ್ತಿಕೊಂಡಿದ್ದ ಚಿತ್ರದ ಬೆನ್ನನ್ನು ಯಾರೂ ತಿರುಗಿಸಿ ನೋಡಲಿಲ್ಲ. ತಂತಿ ಇಷ್ಟು ವರ್ಷವೂ ಅಲ್ಲೇ ಇತ್ತು, ಆ ಕಾಗದದ ಕೆಳಗೆ.

ಹೋದ ತಿಂಗಳು ನೀನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಭಾಷಣ ಮುಗಿದ ಮೇಲೆ ವರಾಂಡದಲ್ಲಿ ನನ್ನ ಹಿಂದೆ ಬಂದೆ.

"ಮಾವ, ಒಂದ್ ಮಾತು. ನಮ್ಮಪ್ಪ ಅವತ್ತು ನಿಜವಾಗ್ಲೂ ಕುಡ್ದಿದ್ರಾ? ಅಮ್ಮ ಇಲ್ಲ ಅಂತಾಳೆ. ಊರಲ್ಲಿ ಎಲ್ಲ ಹೌದು ಅಂತಾರೆ. ಹತ್ರ ಇದ್ದೋರು ನೀವೊಬ್ರೇ."

ನಿನ್ನಪ್ಪನ ರಕ್ತ ನಮ್ಮಿಬ್ಬರ ಪಕ್ಕದಲ್ಲೇ ಗೋಡೆಯ ಮೇಲಿತ್ತು. ನನ್ನ ಕೈ ನಿನ್ನ ತಲೆಯ ಮೇಲೆ ಹೋಯಿತು. "ಹೂಂ ಕಣಮ್ಮ. ಹಬ್ಬ ಅಂತ ಸ್ವಲ್ಪ..." ನೀನು ತಲೆ ತಗ್ಗಿಸಿದೆ. "ಸರಿ ಮಾವ, ಇನ್ನು ಇದ್ರ ಬಗ್ಗೆ ಅಮ್ಮನ್ನ ಕೇಳಲ್ಲ," ಅಂದೆ. ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಹೊರಟುಹೋದೆ.

ಅವತ್ತಿನಿಂದ ನನಗೆ ಊಟ ಸೇರಲಿಲ್ಲ ಎಂದರೆ ಅದೂ ಒಂದು ನಾಟಕವಾದೀತು. ಉಂಡೆ, ಮಲಗಿದೆ. ಆದರೆ ನೀನು ತಲೆ ತಗ್ಗಿಸಿದ್ದು — ಅದನ್ನು ನೋಡಿದ ಮೇಲೆ ಆ ಚಿತ್ರವನ್ನು ನಾನು ನೋಡಲಾರದೆ ಹೋದೆ.

ನಿನ್ನೆ ಕಾಲೇಜಿಗೆ ಹೋಗಿ, ರಿಪೇರಿ ಇದೆ ಎಂದು ಹೇಳಿ ತಟ್ಟಿಯನ್ನು ಇಳಿಸಿಕೊಂಡು ಬಂದೆ. ಅದೇ ಕೊನೆಯ ಸುಳ್ಳು. ನೇರವಾಗಿ ನಿಮ್ಮ ಮನೆಗೆ ಹೋದೆ. ನೀನಿರಲಿಲ್ಲ. ರತ್ನಮ್ಮ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ತಟ್ಟಿಯನ್ನು ಬೆನ್ನು ಮುಂದಾಗಿ ಗೋಡೆಗೆ ಒರಗಿಸಿ, ಕಾಗದ ಹರಿದು ತಂತಿ ತೋರಿಸಿದೆ. ನಾನು ಕಟ್ಟಿದ್ದು ಎಂದೆ. ಅವನು ಕುಡಿದಿರಲಿಲ್ಲ ಎಂದೆ. ಅವನ ಕೊನೆಯ ಮಾತು ಏನೆಂದು ಹೇಳಿದೆ.

ಅವಳು ತುಕ್ಕು ಹಿಡಿದ ಆ ಸುತ್ತನ್ನು ಬೆರಳಿನಿಂದ ಮುಟ್ಟಿದಳು. ಸುತ್ತು ಎಷ್ಟಗಲ ಎಂದು ತನ್ನ ಮಣಿಕಟ್ಟು ಅದರ ಪಕ್ಕದಲ್ಲಿಟ್ಟು ನೋಡಿದಳು.

"ನೂಲಲ್ಲ ಅಂತ ಅವತ್ತೇ ಗೊತ್ತಿತ್ತು. ನೀನು ಅಂತ ಗೊತ್ತಿರ್ಲಿಲ್ಲ," ಅಂದಳು. ಅಣ್ಣ ಎನ್ನಲಿಲ್ಲ.

ನಾನು ಕಾಲಿಗೆ ಬೀಳಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. "ಇಲ್ಲಿ ಹಿತ್ತಲಾಗೆ ನನ್ ಕಿವೀಲಿ ಹೇಳಿದ್ರೆ ಆಯ್ತಾ? ಅವತ್ತು ಮೈಕಲ್ಲಿ ಹೇಳಿದ್ದು. ಹೋಗಿ ಮೈಕಲ್ಲೇ ಹೇಳು." ಮತ್ತೆ ಅವರೆಕಾಯಿಗೆ ಕೂತಳು. ನಾನು ಹೊರಡುವವರೆಗೂ ತಲೆ ಎತ್ತಲಿಲ್ಲ.

ಬರುವ ವಾರ ನಮ್ಮೂರಲ್ಲಿ ಎತ್ತು ಬಿಡುತ್ತಾರೆ. ಇವತ್ತು ಬೆಳಿಗ್ಗೆ ಹಬ್ಬದ ಹುಡುಗರ ಹತ್ತಿರ ಹೋಗಿ ಮೈಕು ಕೇಳಿದೆ. ಏನು ವಿಷಯ ಎಂದು ಅವರು ಕೇಳಲಿಲ್ಲ, ಕಲಾವಿದ ಅಂತ ಮರ್ಯಾದೆ. "ಆಗ್ಲಿ ಸಾರ್, ಒಂದ್ ಎತ್ತು ಹೋಗಿ ಇನ್ನೊಂದು ಬಿಡೋ ಗ್ಯಾಪಲ್ಲಿ ಮಾತಾಡಿ," ಅಂದರು. ನಂಜಪ್ಪನಿಗೆ ಊರು ಕೊಟ್ಟದ್ದೂ ಅಷ್ಟೇ ಹೊತ್ತು. ಸಾಕು. ತಟ್ಟಿಯನ್ನು ಬೆನ್ನು ತಿರುಗಿಸಿ ಎತ್ತಿ ಹಿಡಿಯುತ್ತೇನೆ. ಜನ ಹೊಡೆದರೆ ಹೊಡೆಯಲಿ. ಅಲ್ಲಿಂದ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇನೆ. ಮುನಿಯಪ್ಪಣ್ಣ ಈಗಿಲ್ಲ, ಅವರಿಗೆ ಹೇಳುವುದು ಉಳಿದೇ ಹೋಯಿತು.

ನೀನು ಅಲ್ಲಿಗೆ ಬರಬೇಕೆಂದು ಕೇಳುತ್ತಿಲ್ಲ. ಕ್ಷಮಿಸು ಎಂದೂ ಬರೆಯುವುದಿಲ್ಲ, ಬರೆದರೆ ನಿನ್ನಿಂದ ಮತ್ತೆ ಏನೋ ಕಿತ್ತುಕೊಂಡ ಹಾಗೆ. ಆದರೆ ಮೈಕಿನಲ್ಲಿ ಊರಿಗೆ ಕೇಳಿಸುವ ಮೊದಲು ನಿನಗೆ ಗೊತ್ತಾಗಬೇಕು. ವರಾಂಡದಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಹೂಂ ಅಂದಿದ್ದೆ.

ಇಲ್ಲ ಕಣಮ್ಮ, ನಿಮ್ಮಪ್ಪ ಕುಡಿದಿರಲಿಲ್ಲ. ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟು, ನನ್ನ ಚಿತ್ರ ಉಳಿಸಲು ಬಂದಿದ್ದ.